ಒಂದೇ ಕಾಲು ಊದಿಕೊಂಡರೆ: ರಕ್ತನಾಳದೊಳಗೆ ಕಟ್ಟುವ ಹೆಪ್ಪನ್ನು ಗುರುತಿಸಿ ಎದುರಿಸುವ ಕ್ರಮ

ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟದೊಳಗೆ ಒಂದು ಸುತ್ತು ಹಾಕಿ ಬಂದವರಿಗೆಲ್ಲ ಜಿಗಣೆ ಕಚ್ಚಿದ ಗಾಯದ ಗುಣ ಗೊತ್ತಿರುತ್ತದೆ. ಹೊಟ್ಟೆ ತುಂಬಿದ ಜಿಗಣೆ ತಾನಾಗಿಯೇ ಉದುರಿ ಬಿದ್ದ ಮೇಲೂ ಸಾಸಿವೆ ಕಾಳಿನಷ್ಟು ಸಣ್ಣ ಗಾಯದಿಂದ ರಕ್ತ ಬಹಳ ಹೊತ್ತು ಒಸರುತ್ತಲೇ ಇರುತ್ತದೆ. ಅದೇ ಕತ್ತಿ ತಾಗಿ ಅದಕ್ಕಿಂತ ದೊಡ್ಡ ಗಾಯವಾದರೂ ಒತ್ತಿ ಹಿಡಿದ ಕೆಲವೇ ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ. ಜಿಗಣೆಯ ಜೊಲ್ಲಿನಲ್ಲಿ ರಕ್ತವನ್ನು ಹೆಪ್ಪುಗಟ್ಟಲು ಬಿಡದ ವಸ್ತುವಿರುವುದೇ ಈ ವ್ಯತ್ಯಾಸಕ್ಕೆ ಕಾರಣ. 1884ರಲ್ಲಿ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ಚಿಕಿತ್ಸೆಗೆ ಬಳಸುತ್ತಿದ್ದ ಜಿಗಣೆಗಳಲ್ಲಿ ಈ ಗುಣವನ್ನು ಗುರುತಿಸಿದರು. ಕತ್ತಿಯ ಗಾಯವನ್ನು ಮುಚ್ಚಿ ನಮ್ಮನ್ನು ಉಳಿಸುವ ಈ ಹೆಪ್ಪು, ಹೊರಗೆ ಯಾವ ಗಾಯವೂ ಇಲ್ಲದೆ ನಾಳದ ಒಳಗೇ ಕಟ್ಟಿಕೊಂಡರೆ ರಕ್ತದ ದಾರಿಯನ್ನೇ ಮುಚ್ಚುತ್ತದೆ.

ಕೆಲವು ವರ್ಷಗಳ ಹಿಂದೆ, ಆಷಾಢದ ಮಳೆಯಲ್ಲಿ, ನಮ್ಮ ತಾಯಿಯವರು ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಬಲಗಾಲಿನ ಹರಡಿನ ಮೂಳೆ ಮುರಿದುಕೊಂಡರು. ಆರು ವಾರ ಪ್ಲಾಸ್ಟರಿನಲ್ಲಿದ್ದ ಕಾಲು ಸಾಮಾನ್ಯವಾಗಿ ಸೊರಗಿ ಸಣ್ಣದಾಗಿರುತ್ತದೆ, ಏಕೆಂದರೆ ಬಳಸದ ಸ್ನಾಯು ಕರಗುತ್ತದೆ. ಪ್ಲಾಸ್ಟರ್ ಬಿಚ್ಚಿದ ಐದನೆಯ ದಿನಕ್ಕೆ ತಾಯಿಯವರ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ದಪ್ಪವಾಗಿತ್ತು. ನಾವು ಅದನ್ನು ಪ್ಲಾಸ್ಟರಿನ ಬಾವು ಎಂದುಕೊಂಡೆವು. ಎರಡು ದಿನ ಬಿಸಿ ಎಣ್ಣೆ ಹಚ್ಚಿ ನಾನೇ ತಿಕ್ಕಿದೆ. ಮೂರನೆಯ ದಿನ ಬೆಳಿಗ್ಗೆ ಬಚ್ಚಲಿನಿಂದ ಮಂಚಕ್ಕೆ ಬರುವಷ್ಟರಲ್ಲಿ ಅವರಿಗೆ ಏದುಸಿರು ಬಂದು, ಮಾತು ಮುಂದುವರಿಸಲಾಗದೆ ಬಾಗಿಲಿನ ಚೌಕಟ್ಟನ್ನು ಹಿಡಿದು ನಿಂತರು. ಅವರು ಬದುಕಿ ಉಳಿದರು. ಆ ಎರಡು ದಿನ ಕಾಲು ತಿಕ್ಕುವ ಬದಲು ಒಂದು ಟೇಪು ತೆಗೆದು ಅಳೆದಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆದ್ದರಿಂದ ಮನೆಯವರು ಮಾಡಬಹುದಾದ ಕೆಲಸವನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು, ಹೆಪ್ಪು ಹೇಗೆ ಕಟ್ಟುತ್ತದೆ ಎಂಬುದನ್ನು ತಿಳಿಯುವುದು

ಹಾಲಿಗೆ ಒಂದು ಚಮಚ ಹೆಪ್ಪು ಬಿದ್ದರೆ ಇಡೀ ಪಾತ್ರೆ ಮೊಸರಾಗುವಂತೆ, ರಕ್ತವೂ ಒಂದು ಸಣ್ಣ ಪ್ರಚೋದನೆ ಸಿಕ್ಕರೆ ಗಟ್ಟಿಯಾಗುವ ಸಿದ್ಧತೆಯಲ್ಲೇ ಹರಿಯುತ್ತಿರುತ್ತದೆ. ನಾಳದ ಗೋಡೆ ಹರಿದಾಗ ಮೊದಲು ಅಲ್ಲಿಗೆ ಬಂದು ಅಂಟಿಕೊಳ್ಳುವುದು ಪ್ಲೇಟ್‌ಲೆಟ್‌ಗಳು. ಡೆಂಗಿ ಬಂದಾಗ ಎಲ್ಲರ ಬಾಯಲ್ಲೂ ಕೇಳಿಬರುವ ಇವು ಆರೋಗ್ಯವಂತರಲ್ಲಿ ಒಂದು ಮೈಕ್ರೊಲೀಟರ್ ರಕ್ತಕ್ಕೆ ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ಬಳಿಕ ರಕ್ತದಲ್ಲಿ ಕರಗಿರುವ ಪ್ರೋಟೀನುಗಳು ಒಂದನ್ನೊಂದು ಎಬ್ಬಿಸುತ್ತ ಹೋಗಿ ಕೊನೆಗೆ ಥ್ರಾಂಬಿನ್ ಎಂಬುದು ಹುಟ್ಟುತ್ತದೆ. ಅದು ಫೈಬ್ರಿನ್ ಎಂಬ ನೂಲನ್ನು ಹೆಣೆಯುತ್ತದೆ. ಈ ನೂಲಿನ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಗಟ್ಟಿ ಮುದ್ದೆಯಾಗುವುದೇ ಹೆಪ್ಪು. ಈ ಪ್ರೋಟೀನುಗಳಲ್ಲಿ ಹೆಚ್ಚಿನವು ಯಕೃತ್ತಿನಲ್ಲಿ ತಯಾರಾಗುತ್ತವೆ ಮತ್ತು ಅವುಗಳಲ್ಲಿ ಕೆಲವಕ್ಕೆ ವಿಟಮಿನ್ ಕೆ ಬೇಕೇ ಬೇಕು ಎಂಬುದನ್ನು ನೆನಪಿಡಿ, ಮಾತ್ರೆಗಳ ವಿಷಯ ಬಂದಾಗ ಇದು ಮತ್ತೆ ಬರುತ್ತದೆ. ಇದರ ಎದುರಿಗೆ ಹೆಪ್ಪನ್ನು ಮಿತಿಯಲ್ಲಿಡುವ ಮತ್ತು ಕೆಲಸ ಮುಗಿದ ಮೇಲೆ ಕರಗಿಸುವ ವಸ್ತುಗಳೂ ರಕ್ತದಲ್ಲೇ ಇರುತ್ತವೆ.

ಈ ಸಮತೋಲ ಎಷ್ಟು ಸೂಕ್ಷ್ಮವೆಂಬುದನ್ನು ತೋಟದಲ್ಲಿ ಹಾವು ಕಚ್ಚಿದ ಪ್ರಕರಣಗಳು ಚೆನ್ನಾಗಿ ತೋರಿಸುತ್ತವೆ. ಕೊಳಕುಮಂಡಲದ ವಿಷ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಒಮ್ಮೆಲೇ ಎಬ್ಬಿಸಿ ಖರ್ಚು ಮಾಡಿಬಿಡುವುದರಿಂದ ಕೊನೆಗೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ನಳಿಗೆಯಲ್ಲಿ ಅಲುಗಾಡಿಸದೆ 20 ನಿಮಿಷ ಇಟ್ಟು ನೋಡುವುದು ಇದನ್ನು ತಿಳಿಯುವುದಕ್ಕಾಗಿಯೇ.

ಗಾಯವಿಲ್ಲದೆ ನಾಳದೊಳಗೆ ಹೆಪ್ಪು ಏಕೆ ಕಟ್ಟುತ್ತದೆ ಎಂಬುದಕ್ಕೆ ಮೂರು ಕಾರಣಗಳನ್ನು ಹೇಳುವ ಪದ್ಧತಿಯಿದೆ. 1850ರ ದಶಕದಲ್ಲಿ ಈ ವಿಷಯವನ್ನು ಆಳವಾಗಿ ಅಭ್ಯಾಸ ಮಾಡಿದ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನಲ್ಲಿಯೇ ವೈದ್ಯರು ಈ ಮೂರನ್ನು ಇಂದಿಗೂ ಕಲಿಯುತ್ತಾರೆ: ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಕಡೆಗೆ ವಾಲಿರುವುದು. ನಮ್ಮ ತಾಯಿಯವರಲ್ಲಿ ಮೊದಲ ಎರಡೂ ಇದ್ದವು. ಕಾಲಿನ ರಕ್ತ ಹೃದಯದ ಕಡೆಗೆ ಮೇಲೇರಬೇಕಾದರೆ ಮೀನಖಂಡದ ಸ್ನಾಯು ಪ್ರತಿ ಹೆಜ್ಜೆಗೂ ನಾಳಗಳನ್ನು ಹಿಂಡಬೇಕು. ಏರಿದ ರಕ್ತ ಕೆಳಗಿಳಿಯದಂತೆ ನಾಳದೊಳಗಿನ ಸಣ್ಣ ಕವಾಟಗಳು ತಡೆಯುತ್ತವೆ. ಕಾಲು ಅಲುಗಾಡದೆ ಇದ್ದರೆ ಈ ಪಂಪು ನಿಲ್ಲುತ್ತದೆ ಮತ್ತು ಕವಾಟಗಳ ಸಂದಿಯಲ್ಲಿ ನಿಂತ ರಕ್ತ ಹೆಪ್ಪಾಗತೊಡಗುತ್ತದೆ.

ಹೀಗೆ ಕಾಲಿನ ಆಳದ ಅಭಿಧಮನಿಯಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದಲ್ಲಿ, ಕಟ್ಟಿದ ಹೆಪ್ಪಿನ ತುಂಡು ಕಳಚಿಕೊಂಡರೆ ತೊಡೆ, ಹೊಟ್ಟೆ, ಹೃದಯದ ಬಲಭಾಗ ದಾಟಿ ಶ್ವಾಸಕೋಶದ ನಾಳದಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ತುಂಡು ದೊಡ್ಡದಾಗಿದ್ದರೆ ನಿಮಿಷಗಳಲ್ಲೇ ಸಾವು ಬರಬಹುದು. ಹೃದಯದಿಂದ ರಕ್ತ ಹೊತ್ತು ತರುವ ಅಪಧಮನಿಯ ಹೆಪ್ಪಿನ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ನಾಳದ ಗೋಡೆಯಲ್ಲಿ ಶೇಖರವಾದ ಕೊಬ್ಬಿನ ಗಂಟು ಒಡೆದು ಅದರ ಮೇಲೆ ಹೆಪ್ಪು ಕಟ್ಟುತ್ತದೆ, ಅದು ಹೃದಯದ ನಾಳದಲ್ಲಾದರೆ ಹೃದಯಾಘಾತ, ಮೆದುಳಿನ ನಾಳದಲ್ಲಾದರೆ ಲಕ್ವ. ಹೃದಯದ ಬಡಿತ ಲಯ ತಪ್ಪಿದವರಲ್ಲಿ ಮತ್ತು ಬಾಲ್ಯದ ಕೀಲುವಾತ ಜ್ವರದಿಂದ ಹೃದಯದ ಕವಾಟ ಕಿರಿದಾದವರಲ್ಲಿ ಹೆಪ್ಪು ಹೃದಯದೊಳಗೇ ಕಟ್ಟಿ ಮೆದುಳಿಗೆ ಚಿಮ್ಮುವುದೂ ಉಂಟು. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಬೀಳುವುದು, ಮಾತು ತೊದಲುವುದು ಕಂಡರೆ ಯಾವ ಮನೆಮದ್ದಿಗೂ ಸಮಯ ಕೊಡಬೇಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ ಮತ್ತು ಘಟ್ಟದ ರಸ್ತೆಯಲ್ಲಿ ಅದರ ಬಹುಪಾಲು ಪ್ರಯಾಣದಲ್ಲೇ ಕಳೆಯುತ್ತದೆ.

ಎರಡನೆಯದು, ಮನೆಯಲ್ಲಿ ಯಾರಿಗೆ ಅಪಾಯ ಹೆಚ್ಚು ಎಂದು ಮೊದಲೇ ಗುರುತಿಸಿಕೊಳ್ಳುವುದು

ಕಳೆದ 12 ವಾರಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಆದವರು, ಮೂರು ದಿನ ಅಥವಾ ಹೆಚ್ಚು ಹಾಸಿಗೆ ಹಿಡಿದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು ಮತ್ತು ಹಿಂದೊಮ್ಮೆ ಹೆಪ್ಪು ಕಟ್ಟಿದ್ದವರು ಮೊದಲ ಸಾಲಿನಲ್ಲಿ ಬರುತ್ತಾರೆ. ವಯಸ್ಸು, ಸ್ಥೂಲಕಾಯ, ಧೂಮಪಾನ ಇವು ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಿನಲ್ಲೇ ಹೆಪ್ಪು ಕಟ್ಟಿದ್ದರೆ ಆ ಗುಣ ವಂಶದಲ್ಲೇ ಇರಬಹುದು. ಕಾಳುಮೆಣಸು ಕೊಯ್ಯುವ ತಿಂಗಳುಗಳಲ್ಲಿ ಬಿದಿರಿನ ಏಣಿಯಿಂದ ಬಿದ್ದು ಸೊಂಟ, ತೊಡೆ ಮುರಿದುಕೊಂಡು ತೋಟದ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ವಾರಗಟ್ಟಲೆ ಮಲಗುವ ಕಾರ್ಮಿಕರೂ ಇದೇ ಸಾಲಿಗೆ ಸೇರಿದವರು. ಮೊದಲು ದಿನವಿಡೀ ಬೆಟ್ಟ ಹತ್ತಿಳಿಯುತ್ತಿದ್ದ ಗಟ್ಟಿ ದೇಹವೆಂಬ ಕಾರಣಕ್ಕೆ ಅವರಿಗೆ ರಿಯಾಯಿತಿ ಸಿಗುವುದಿಲ್ಲ.

ಗರ್ಭಿಣಿಯರು ಮತ್ತು ಬಾಣಂತಿಯರ ವಿಷಯವನ್ನು ಬಿಡಿಸಿ ಹೇಳಬೇಕು. ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗದಿರಲೆಂದು ಪ್ರಕೃತಿಯೇ ಆ ತಿಂಗಳುಗಳಲ್ಲಿ ರಕ್ತವನ್ನು ಹೆಪ್ಪುಗಟ್ಟುವ ಕಡೆಗೆ ವಾಲಿಸಿರುತ್ತದೆ, ಮತ್ತು ಹೆರಿಗೆಯ ನಂತರದ ಆರು ವಾರಗಳಲ್ಲಿ ಅಪಾಯ ಗರ್ಭಾವಸ್ಥೆಗಿಂತಲೂ ಹೆಚ್ಚು. ಇಂಥ ಸಮಯದಲ್ಲಿ ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ಬಾಯಾರಿಸಿ, ಕಂಬಳಿ ಹೊದಿಸಿ, ಬೆಂಕಿಯ ಪಕ್ಕದಲ್ಲಿ ಮಲಗಿಸಿಯೇ ಇಡುವ ರೂಢಿ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಇನ್ನೂ ಇದೆ. ಬೆಚ್ಚಗಿಡುವುದರಲ್ಲಿ ತಪ್ಪಿಲ್ಲ, ನೀರು ತಡೆಯುವುದು ತಪ್ಪು. ದೇಹ ಒಣಗಿದಾಗ ಮೆದುಳಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟುವ ಸಾಧ್ಯತೆ ಹೆಚ್ಚುತ್ತದೆ. ಬಿಡದ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್ ಬರುವುದು ಅದರ ಲಕ್ಷಣಗಳು. ಹಿಂದಿನವರು ಇದರಲ್ಲಿ ಎಷ್ಟನ್ನು ಬಾಣಂತಿ ಸನ್ನಿ ಎಂದು ಕರೆದು ಯಂತ್ರ ಕಟ್ಟಿಸಿದರೋ ಎಂದು ನೆನೆದರೆ ಸಂಕಟವಾಗುತ್ತದೆ. ಹಾಡಿ ಮತ್ತು ಲೈನ್ ಮನೆಗಳಿಗೆ ಹೋಗುವ ಆಶಾ ಕಾರ್ಯಕರ್ತೆಯರು ಈ ನಾಲ್ಕು ಲಕ್ಷಣಗಳನ್ನು ಅತ್ತೆಯಂದಿರಿಗೂ ಹೇಳಿ ಬರುವುದು ಒಳ್ಳೆಯದು.

ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆಗಳೂ ಅಪಾಯವನ್ನು ಹೆಚ್ಚಿಸುತ್ತವೆ. ಮದುವೆ, ಪೂಜೆ, ಕಾವೇರಿ ಸಂಕ್ರಮಣವೆಂದು ಮುಟ್ಟನ್ನು ಮುಂದೂಡಲು ಹಾರ್ಮೋನು ಮಾತ್ರೆ ಬೇಕೆನಿಸಿದರೆ ಔಷಧ ಅಂಗಡಿಯಿಂದ ನೇರವಾಗಿ ಕೊಳ್ಳದೆ ವೈದ್ಯರನ್ನು ಕೇಳಿ, ಮನೆತನದಲ್ಲಿ ಹೆಪ್ಪಿನ ತೊಂದರೆ ಇದ್ದರೆ ಅವರಿಗೆ ತಿಳಿಸಿ.

ಮೂರನೆಯದು, ಕಾಲನ್ನು ನೋಡುವುದು ಮತ್ತು ಅಳೆಯುವುದು

ರೋಗಿ ಮತ್ತು ಮನೆಯವರೊಬ್ಬರು ಕುಳಿತು ಮಾಡಬೇಕಾದ ಕೆಲಸವಿದು. ರೋಗಿಯನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಎರಡೂ ಕಾಲುಗಳ ಮೇಲಿನ ಬಟ್ಟೆಯನ್ನು ತೊಡೆಯವರೆಗೆ ಸರಿಸಿ, ಬೆಳಕಿನಲ್ಲಿ ಒಟ್ಟಿಗೆ ನೋಡಿ. ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲುಗಳಿಗೆ ಪೆನ್ನಿನಿಂದ ಗುರುತು ಹಾಕಿ. ದರ್ಜಿಗಳು ಬಳಸುವ ಟೇಪನ್ನು ಆ ಗುರುತಿನ ಮೇಲೆ, ಚರ್ಮಕ್ಕೆ ತಾಗುವಂತೆ ಆದರೆ ಬಿಗಿಯದಂತೆ, ಸುತ್ತಿ ಅಳತೆ ಬರೆದುಕೊಳ್ಳಿ. ಎರಡು ಕಾಲುಗಳ ನಡುವೆ 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿರುವುದನ್ನು ವೈದ್ಯರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ತಾಯಿಯವರನ್ನು ಸೇರಿಸಿದ ದಿನ ವೈದ್ಯರು ಹೀಗೆಯೇ ಅಳೆದಾಗ ಎಡಗಾಲು 31, ಬಲಗಾಲು 35 ಸೆಂಟಿಮೀಟರ್ ಇತ್ತು. ಹಳದಿ ಟೇಪಿನ ಮೇಲೆ ಅವರ ಹೆಬ್ಬೆರಳು ನಿಂತ ಜಾಗ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಳತೆಯ ಜೊತೆಗೆ ಗಮನಿಸಬೇಕಾದದ್ದು: ಮೀನಖಂಡ ಅಥವಾ ತೊಡೆಯ ಒಳಬದಿಯಲ್ಲಿ ಒತ್ತಿದರೆ ನೋವು, ಆ ಕಾಲು ಮಾತ್ರ ಬೆಚ್ಚಗಿರುವುದು, ಚರ್ಮ ಕೆಂಪು ಅಥವಾ ನೀಲಿಗೆ ತಿರುಗಿ ಬಿಗಿದು ಹೊಳೆಯುವುದು, ಬೆರಳಿನಿಂದ ಮೆಲ್ಲಗೆ ಒತ್ತಿದ ಕಡೆ ಗುಳಿ ಬೀಳುವುದು. ಕಪ್ಪು ಚರ್ಮದಲ್ಲಿ ಬಣ್ಣದ ಬದಲಾವಣೆ ಸುಲಭವಾಗಿ ಕಾಣದು, ಆದ್ದರಿಂದ ಬಿಸಿ ಮತ್ತು ಅಳತೆಯನ್ನೇ ಹೆಚ್ಚು ನಂಬಿ. ಎರಡೂ ಕಾಲು ಸಮನಾಗಿ ಊದಿದ್ದರೆ ಹೃದಯ, ಮೂತ್ರಪಿಂಡ ಮುಂತಾದ ಬೇರೆ ಕಾರಣಗಳೇ ಹೆಚ್ಚು. ಜಿಗಣೆ ಕಚ್ಚಿದ ಜಾಗವನ್ನು ಕೆರೆದು ಕೀವಾಗಿ, ಜ್ವರದೊಂದಿಗೆ ಒಂದೇ ಕಾಲು ಕೆಂಪಾಗಿ ಊದುವುದೂ ಮಳೆಗಾಲದಲ್ಲಿ ಕಂಡುಬರುತ್ತದೆ. ಅದೂ ಚಿಕಿತ್ಸೆ ಬೇಕಾದ ಸೋಂಕೇ ಆದ್ದರಿಂದ ಮನೆಯಲ್ಲಿ ಕುಳಿತು ಎರಡರಲ್ಲಿ ಯಾವುದೆಂದು ತೀರ್ಮಾನಿಸುವ ಅಗತ್ಯವಿಲ್ಲ. ಕೆಲವರಲ್ಲಿ ಕಾಲು ಯಾವ ಸೂಚನೆಯನ್ನೂ ಕೊಡದೆ ನೇರವಾಗಿ ಶ್ವಾಸಕೋಶದ ತೊಂದರೆಯೇ ಮೊದಲು ಕಾಣಿಸಿಕೊಳ್ಳಬಹುದು.

ನಾಲ್ಕನೆಯದು, ಅದೇ ದಿನ ಹೊರಡುವುದು

ಅನುಮಾನ ಬಂದ ಕ್ಷಣದಿಂದ ಆ ಕಾಲನ್ನು ತಿಕ್ಕಬೇಡಿ, ಹಿಸುಕಬೇಡಿ, ಉಳುಕು ತೆಗೆಯುವವರ ಬಳಿಗೆ ಒಯ್ಯಬೇಡಿ. ಒತ್ತಡಕ್ಕೆ ಹೆಪ್ಪು ಕಳಚಿಕೊಳ್ಳಬಹುದು. ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ. ನಾಳೆ ಸಂತೆಗೆ ಹೋಗುವಾಗ ತೋರಿಸೋಣವೆಂದು ಮುಂದೂಡದೆ ಅದೇ ದಿನ ವೈದ್ಯರ ಬಳಿಗೆ ಹೋಗಿ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಕಾಲಿನ ನಾಳಗಳಲ್ಲಿ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡುವವರು ಈ ಹೊತ್ತಿನಲ್ಲಿ ಇದ್ದಾರೆಯೇ ಎಂದು ಕೇಳಿಕೊಂಡರೆ ಎರಡು ಕಡೆ ಅಲೆಯುವುದು ತಪ್ಪುತ್ತದೆ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಿದೆ. ಅಲ್ಲಿಂದ ಮುಂದಕ್ಕೆ ಕಳುಹಿಸಿದರೆ ಮೈಸೂರಿಗೆ ಸುಮಾರು 120 ಕಿಲೋಮೀಟರ್ ದಾರಿ.

ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಚುಚ್ಚುವ ಎದೆನೋವು, ಕೆಮ್ಮಿದಾಗ ರಕ್ತ, ಎದೆ ಡವಡವ ಹೊಡೆಯುವುದು, ತಲೆ ಸುತ್ತಿ ಬೀಳುವುದು ಇವುಗಳಲ್ಲಿ ಒಂದು ಕಂಡರೂ ಅದು ತುರ್ತು. 108ಕ್ಕೆ ಕರೆ ಮಾಡಿ. ರೋಗಿಯನ್ನು ಮೆಟ್ಟಿಲು ಹತ್ತಿಳಿಸದೆ, ಬೆನ್ನಿಗೆ ದಿಂಬು ಕೊಟ್ಟು ಒರಗಿಸಿ ಕೂರಿಸಿ. ಆಂಬುಲೆನ್ಸ್ ಬರಲಾಗದ ತೋಟದ ದಾರಿಯಾದರೆ ಜೀಪಿನಲ್ಲಿ ಮುಖ್ಯರಸ್ತೆಯವರೆಗೆ ಕರೆತಂದು ಎದುರುಗೊಳ್ಳುವ ಏರ್ಪಾಡು ಮಾಡಿಕೊಳ್ಳಬೇಕು, ಆ ಜೀಪಿನ ಚಾಲಕರ ಫೋನ್ ಸಂಖ್ಯೆ ಗೋಡೆಯ ಮೇಲೆ ಬರೆದಿರಬೇಕು.

ಐದನೆಯದು, ಆಸ್ಪತ್ರೆಯಲ್ಲಿ ಏನಾಗುತ್ತದೆ ಎಂದು ತಿಳಿದಿರುವುದು

ಡಾಪ್ಲರ್ ಸ್ಕ್ಯಾನಿನಲ್ಲಿ ಚುಚ್ಚುವುದೇನೂ ಇಲ್ಲ. ಉಪಕರಣದಿಂದ ಕಾಲನ್ನು ಅಲ್ಲಲ್ಲಿ ಮೆಲ್ಲಗೆ ಒತ್ತಿ ನೋಡುತ್ತಾರೆ, ಆರೋಗ್ಯವಾಗಿರುವ ಅಭಿಧಮನಿ ಒತ್ತಿದಾಗ ಚಪ್ಪಟೆಯಾಗುತ್ತದೆ, ಹೆಪ್ಪು ತುಂಬಿದ್ದು ಆಗುವುದಿಲ್ಲ. ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ಚೂರುಗಳನ್ನು ಅಳೆಯುವ ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಬಗ್ಗೆ ಜನರಲ್ಲಿ ತಪ್ಪು ತಿಳಿವಳಿಕೆಯಿದೆ. ಅಪಾಯ ಕಡಿಮೆಯಿರುವವರಲ್ಲಿ ಅದು ಸಹಜವಾಗಿ ಬಂದರೆ ಹೆಪ್ಪಿಲ್ಲವೆಂದು ಬಹುಮಟ್ಟಿಗೆ ನೆಮ್ಮದಿಯಾಗಿರಬಹುದು. ಆದರೆ ಸೋಂಕು, ಗರ್ಭಾವಸ್ಥೆ, ಇಳಿವಯಸ್ಸು ಇವೆಲ್ಲದರಲ್ಲೂ ಅದು ಏರುವುದರಿಂದ ಹೆಚ್ಚು ಬಂದ ಮಾತ್ರಕ್ಕೆ ಹೆಪ್ಪು ಇದೆಯೆಂದು ಅರ್ಥವಲ್ಲ. ಶ್ವಾಸಕೋಶದ ಅನುಮಾನವಿದ್ದರೆ ಬಣ್ಣದ ಔಷಧ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ.

ಚಿಕಿತ್ಸೆ ಹಲವು ವೇಳೆ ಹೊಟ್ಟೆಯ ಚರ್ಮದಡಿಗೆ ಕೊಡುವ ಹೆಪಾರಿನ್ ಜಾತಿಯ ಚುಚ್ಚುಮದ್ದಿನಿಂದ ಆರಂಭವಾಗುತ್ತದೆ. ನಂತರ ವಾರ್ಫರಿನ್, ಅಸಿನೊಕೌಮರಾಲ್, ಅಥವಾ ಹೊಸ ಪೀಳಿಗೆಯ ರಿವರಾಕ್ಸಬಾನ್, ಅಪಿಕ್ಸಬಾನ್ ಮಾತ್ರೆಗಳು. ಇವನ್ನು ರಕ್ತ ತೆಳುವಾಗಿಸುವ ಮಾತ್ರೆಗಳೆಂದು ಕರೆಯುತ್ತೇವೆ, ನಿಜವಾಗಿ ಇವು ರಕ್ತವನ್ನು ನೀರಾಗಿಸುವುದೂ ಇಲ್ಲ, ಇರುವ ಹೆಪ್ಪನ್ನು ಕರಗಿಸುವುದೂ ಇಲ್ಲ. ಹೆಪ್ಪು ಬೆಳೆಯದಂತೆ ತಡೆಯುತ್ತವೆ, ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡುತ್ತದೆ. ಊತ ಇಳಿಯಿತೆಂದು ಎರಡನೆಯ ವಾರಕ್ಕೆ ಮಾತ್ರೆ ನಿಲ್ಲಿಸುವುದು ಎಷ್ಟು ಅಪಾಯವೆಂಬುದು ಇದರಿಂದ ತಿಳಿಯುತ್ತದೆ. ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ಚಿಕಿತ್ಸೆ ಬೇಕು.

ಆರನೆಯದು, ಮಾತ್ರೆಯೊಂದಿಗೆ ಮನೆಯಲ್ಲಿ ಬದುಕುವುದು

ಹೊಸ ಮಾತ್ರೆಗಳಲ್ಲಿ ಆರಂಭದ ಪ್ರಮಾಣ ಹೆಚ್ಚಿರುತ್ತದೆ, ರಿವರಾಕ್ಸಬಾನಿನಲ್ಲಿ ಸಾಮಾನ್ಯವಾಗಿ 21 ದಿನಕ್ಕೆ, ಅಪಿಕ್ಸಬಾನಿನಲ್ಲಿ 7 ದಿನಕ್ಕೆ ಪ್ರಮಾಣ ಬದಲಾಗುತ್ತದೆ. ಮನೆಗೆ ಬಂದ ಮೇಲೆ ಎಡವಟ್ಟಾಗುವುದು ಇಲ್ಲಿಯೇ, ಆದ್ದರಿಂದ ಬದಲಾಗುವ ದಿನಾಂಕವನ್ನು ವೈದ್ಯರಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಳ್ಳಿ. ಹೆಪ್ಪಿನ ಚಿಕಿತ್ಸೆಗೆ ಕೊಡುವ ರಿವರಾಕ್ಸಬಾನನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು.

ವಾರ್ಫರಿನ್ ಅಥವಾ ಅಸಿನೊಕೌಮರಾಲ್ ತೆಗೆದುಕೊಳ್ಳುವವರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಐ.ಎನ್.ಆರ್. ಪರೀಕ್ಷೆಯನ್ನು ತಪ್ಪಿಸಬಾರದು. ಕಾಲಿನ ಹೆಪ್ಪಿಗೆ ಅದು 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಈ ಮಾತ್ರೆಗಳು ವಿಟಮಿನ್ ಕೆಯ ಕೆಲಸವನ್ನು ತಡೆಯುವ ಮೂಲಕ ಪರಿಣಾಮ ಬೀರುವುದರಿಂದ ಸೊಪ್ಪಿನ ಊಟಕ್ಕೂ ಐ.ಎನ್.ಆರ್.ಗೂ ನೇರ ಸಂಬಂಧವಿದೆ. ಮಳೆಗಾಲದ ಕಕ್ಕಡ ಮಾಸದಲ್ಲಿ ಕೆಸುವಿನ ಎಲೆ, ಥೆರ್ಮೆ ತೊಪ್ಪು (ಜರಿಗಿಡದ ಚಿಗುರು) ಎಂದು ಸೊಪ್ಪಿನ ಅಡುಗೆ ಒಮ್ಮೆಲೇ ಹೆಚ್ಚುವ ಮನೆಗಳಲ್ಲಿ ಐ.ಎನ್.ಆರ್. ಇಳಿಯುವ ಸಾಧ್ಯತೆಯಿದೆ. ಸೊಪ್ಪು ಬಿಡಬೇಕಿಲ್ಲ, ವರ್ಷವಿಡೀ ಒಂದೇ ಹದದಲ್ಲಿ ತಿನ್ನಬೇಕು. ಹಬ್ಬದ ಮದ್ಯದ ವಿಷಯದಲ್ಲೂ ನಾಟಿ ಔಷಧಗಳ ವಿಷಯದಲ್ಲೂ ವೈದ್ಯರೊಂದಿಗೆ ಮುಚ್ಚುಮರೆ ಬೇಡ. ಮೈಕೈ ನೋವಿಗೆ ಅಂಗಡಿಯಲ್ಲಿ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಹೊಟ್ಟೆಯೊಳಗೆ ರಕ್ತಸ್ರಾವ ಮಾಡಬಲ್ಲವು, ಅವನ್ನು ಕೇಳದೆ ನುಂಗಬೇಡಿ. ಒಂದು ಹೊತ್ತಿನ ಮಾತ್ರೆ ಮರೆತರೆ ವೈದ್ಯರನ್ನು ಕೇಳದೆ ಮುಂದಿನ ಹೊತ್ತಿಗೆ ಎರಡನ್ನು ಒಟ್ಟಿಗೆ ತೆಗೆದುಕೊಳ್ಳುವುದೂ ತಪ್ಪು.

ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ, ಕಾರಣವಿಲ್ಲದೆ ಮೈಮೇಲೆ ಕಾಣುವ ನೀಲಿ ಕಲೆಗಳು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಏಣಿಯಿಂದಲೋ ಬೈಕಿನಿಂದಲೋ ಬಿದ್ದು ತಲೆಗೆ ಪೆಟ್ಟಾದರೆ ಎದ್ದು ಮಾತನಾಡುತ್ತಿದ್ದರೂ ತೋರಿಸಲೇಬೇಕು, ಏಕೆಂದರೆ ತಲೆಯೊಳಗಿನ ರಕ್ತಸ್ರಾವ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ತೋಟಕ್ಕೆ ಹೋಗುವಾಗ ಜಿಗಣೆ ಕಾಲುಚೀಲ ಹಾಕಿಕೊಳ್ಳಿ. ಜಿಗಣೆಯ ಜೊಲ್ಲು ಮತ್ತು ಮಾತ್ರೆ ಎರಡೂ ಸೇರಿದರೆ ಒಸರುವ ರಕ್ತ ನಿಲ್ಲಲು ಇನ್ನಷ್ಟು ಹೊತ್ತು ಬೇಕು. ಕಚ್ಚಿದ ಜಾಗವನ್ನು ಶುಭ್ರ ಬಟ್ಟೆಯಿಂದ, ನಡುವೆ ತೆಗೆದು ನೋಡದೆ, ಒತ್ತಿ ಹಿಡಿಯಬೇಕು. ಜೂನ್ ತಿಂಗಳಿಗೆ ಮೊದಲೇ ಕನಿಷ್ಠ ಎರಡು ವಾರಕ್ಕಾಗುವಷ್ಟು ಮಾತ್ರೆಯನ್ನು ಹೆಚ್ಚಾಗಿ ತಂದಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಇಲ್ಲದಂತಾದ ದಿನಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಏಳನೆಯದು, ಮತ್ತೆ ಕಟ್ಟದಂತೆ ನೋಡಿಕೊಳ್ಳುವುದು

ಹಾಸಿಗೆಯಲ್ಲಿರುವವರು ಎಚ್ಚರವಿರುವಾಗ ಗಂಟೆಗೊಮ್ಮೆ ಪಾದವನ್ನು ಮುಂದಕ್ಕೂ ಹಿಂದಕ್ಕೂ ಹತ್ತಿಪ್ಪತ್ತು ಬಾರಿ ಆಡಿಸಲಿ. ವೈದ್ಯರು ಒಪ್ಪಿದ ಮೊದಲ ದಿನವೇ ಎದ್ದು ನಡೆಯಲಿ. ಶಸ್ತ್ರಚಿಕಿತ್ಸೆಗೆ ಮೊದಲು, ಅಥವಾ ಪ್ಲಾಸ್ಟರ್ ಹಾಕಿಸುವಾಗ, ಹೆಪ್ಪು ತಡೆಯುವ ಔಷಧ ಬೇಕೇ ಎಂದು ನೀವಾಗಿಯೇ ಕೇಳಿ. ನಾವು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ರೈಲಿಲ್ಲದ ಈ ಜಿಲ್ಲೆಯಿಂದ ಬೆಂಗಳೂರಿಗೆ ಹೋಗುವುದೆಂದರೆ ಐದಾರು ಗಂಟೆ ಬಸ್ಸಿನಲ್ಲೋ ಕಾರಿನಲ್ಲೋ ಕಾಲು ಮಡಚಿ ಕೂರುವುದು. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ, ಮುಖ್ಯವಾಗಿ ಮೊದಲೇ ಅಪಾಯವಿರುವವರಲ್ಲಿ, ಹೆಪ್ಪು ಕಟ್ಟುವ ಸಾಧ್ಯತೆ ಹೆಚ್ಚುತ್ತದೆ. ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾದೀತೆಂದು ಬೆಳಗಿನಿಂದ ನೀರೇ ಕುಡಿಯದೆ ಬಸ್ಸು ಹತ್ತುವ ಹೆಂಗಸರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ನೀರು ಕುಡಿಯಿರಿ. ಬಸ್ಸು ನಿಂತ ಕಡೆಯಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ಕಾರಾದರೆ ಒಂದೆರಡು ಗಂಟೆಗೊಮ್ಮೆ ನಿಲ್ಲಿಸಿ. ಒತ್ತುವ ಕಾಲುಚೀಲವನ್ನು ವೈದ್ಯರು ಅಳತೆ ನೋಡಿ ಬರೆದುಕೊಟ್ಟರೆ ಮಾತ್ರ ಧರಿಸಿ.

ನಮ್ಮ ತಾಯಿಯವರು ಈಗ ಮಾತ್ರೆ ಮುಗಿಸಿದ್ದಾರೆ. ಬಲಗಾಲಿನಲ್ಲಿ ಸಂಜೆಯ ಹೊತ್ತಿಗೆ ಸ್ವಲ್ಪ ಊತ ಉಳಿದಿದೆ, ಹೆಪ್ಪಿನಿಂದ ಹಾಳಾದ ಕವಾಟಗಳು ಮೊದಲಿನಂತೆ ಆಗುವುದಿಲ್ಲವೆಂದು ವೈದ್ಯರು ತಿಳಿಸಿದ್ದಾರೆ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿದ್ದ ಟೇಪು ಈಗ ಅವರ ಮಂಚದ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಪ್ರತಿ ಭಾನುವಾರ ಸ್ನಾನಕ್ಕೆ ಮೊದಲು ಎರಡೂ ಕಾಲುಗಳ ಅಳತೆಯನ್ನು ಅವರೇ ತೆಗೆದು, ದಿನಾಂಕದೊಂದಿಗೆ ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತಾರೆ.